ದೋಣಿ ಇಂಜಿನ್ ಗೇರ್ ಆಯಿಲ್ ಮಜ್ಜಿಗೆ ಆಗ್ತೈತೆ, ಎರಡು ಸಲ ಸೀಲ್ ಹಾಕ್ಸಿದ್ರೂ ಅದೇ ಕಥೆ

ಕಣಿವೆ_ಹುಡ್ಗ | ಭಾನುವಾರ ರಾತ್ರಿ
ಎಲ್ರಿಗೂ ನಮಸ್ಕಾರ. ಇಲ್ಲಿ ಟ್ರ್ಯಾಕ್ಟ್ರು, ಬೋರ್‌ವೆಲ್ ಮೋಟ್ರು ಬಗ್ಗೆ ಕೇಳೋರೇ ಜಾಸ್ತಿ, ನಂದು ಸ್ವಲ್ಪ ಬೇರೆ ಕೇಸು, ಬೈಬೇಡಿ. ನಮ್ಮ ಮಾವನ ಹತ್ರ ಒಂದು ಫೈಬರ್ ದೋಣಿ ಐತೆ, ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಂ ಹಿನ್ನೀರಲ್ಲಿ ಮೀನು ಹಿಡಿಯಕ್ಕೆ. ಅದಕ್ಕೆ ಹಿಂದ್ಗಡೆ ನೇತಾಕೋ ಔಟ್‌ಬೋರ್ಡ್ ಇಂಜಿನ್, 15 ಎಚ್‌ಪಿ, ಟೂ ಸ್ಟ್ರೋಕು, ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಕಂಪನಿ ಯಾವ್ದು ಅಂತ ಕೇಳ್ಬೇಡಿ, ಮೇಲಿನ ಸ್ಟಿಕ್ಕರ್ ಹೋಗಿ ಯಾರೋ ನೀಲಿ ಪೇಂಟ್ ಬಳ್ದವ್ರೆ.

ಸಮಸ್ಯೆ ಏನಂದ್ರೆ ಕೆಳಗೆ ನೀರಲ್ಲಿ ತಿರುಗೋ ಫ್ಯಾನ್ (ಪ್ರೊಪೆಲ್ಲರ್) ಹತ್ರ ಗೇರ್ ಇರೋ ಡಬ್ಬಿ ಐತಲ್ಲ, ಅದರೊಳಗೆ ನೀರು ಹೋಗ್ತೈತೆ. ಆಯಿಲ್ ಬಿಚ್ಚಿದ್ರೆ ಮಜ್ಜಿಗೆ ಥರ ಬೆಳ್ಳಗೆ ಬರ್ತೈತೆ. ಮೆಕ್ಯಾನಿಕ್ ಹತ್ರ ಹೋದ್ವಿ, ಫ್ಯಾನ್ ಶಾಫ್ಟ್ ಸೀಲ್ (ಶಾಫ್ಟ್ ಸುತ್ತ ನೀರು ತಡಿಯೋ ರಬ್ಬರ್ ಬಳೆ) ಹೋಗೈತೆ ಅಂದು ಹೊಸದು ಹಾಕ್ದ, ಹದಿನೈದು ದಿನ ಆದ್ಮೇಲೆ ಮತ್ತೆ ಮಜ್ಜಿಗೆ. ಬೇರೆ ಮೆಕ್ಯಾನಿಕ್ ಹತ್ರ ಹೋದ್ವಿ, ಅವನೂ ಅದೇ ಸೀಲ್ ಹಾಕ್ದ, ಮತ್ತೆ ಅದೇ. ಎರಡು ಸಲದ್ದು ಸೇರಿ ಕೂಲಿ, ಆಯಿಲು ಎಲ್ಲಾ ಮೂರು ಸಾವಿರ ಮೇಲೆ ಹೋಯ್ತು. ಮಾವ ಈಗ ಹಳೇ ಹರಿಗೋಲೇ ವಾಸಿ ಇತ್ತು ಅಂತ ದಿನಾ ಚುಚ್ತವ್ರೆ, ಯಾಕಂದ್ರೆ ಇಂಜಿನ್ ತಗೊಳ್ಳಿ ಅಂತ ಹೇಳಿದ್ದು ನಾನೇ. ನೀರು ಎಲ್ಲಿಂದ ಹೋಗ್ತೈತೆ ಅಂತ ಕಂಡು ಹಿಡಿಯೋದು ಹೆಂಗೆ?

ದೋಸೆ_ದಾವಣಗೆರೆ
ಮಜ್ಜಿಗಿಗೆ ಸ್ವಲ್ಪ ಇಂಗು, ಕರಿಬೇವು ಹಾಕಿ ಒಗ್ಗರಣಿ ಕೊಡ್ರಿ 😄

ಹೆಸರು_ಬೇಡ
ಎಲ್ಲಾ ಸೀಲು ಎಲ್ಲಾ ಓ-ರಿಂಗು ಒಂದೇ ಸಲ ಚೇಂಜ್ ಮಾಡ್ಸಿ ಮುಗೀತು. ಹುಡುಕ್ತಾ ಕೂತ್ರೆ ವರ್ಷ ಆಗುತ್ತೆ.

ಕಡಲ_ಮಗ
ನಾನು ಮಲ್ಪೆ ಕಡೆಯವ, ಇದೇ ಕೆಲಸ ನಮ್ದು. ಮಾರಾಯ್ರೆ ಮೊದಲು ಒಂದು ಮಾತು, ನಿಮ್ಮ ಇಬ್ಬರು ಮೆಕ್ಯಾನಿಕ್ಕೂ ಹುಡುಕ್ಲಿಲ್ಲ, ಅಂದಾಜಿ ಮೇಲೆ ಸೀಲ್ ಹಾಕಿದ್ದು. ಆ ಡಬ್ಬಿಗೆ ನೀರು ಹೋಗ್ಲಿಕ್ಕೆ ಐದಾರು ದಾರಿ ಉಂಟು, ಫ್ಯಾನ್ ಶಾಫ್ಟ್ ಅದ್ರಲ್ಲಿ ಒಂದು ಅಷ್ಟೆ. ಕೆಳಗೊಂದು ಮೇಲೊಂದು ಎರಡು ಆಯಿಲ್ ಸ್ಕ್ರೂ ಉಂಟಲ್ಲ, ಅದರ ವಾಷರ್ರು. ಫ್ಯಾನ್ ಶಾಫ್ಟಿನ ಸೀಲು, ಅದು ಬೆನ್ನಿಗೆ ಬೆನ್ನು ಎರಡು ಇರ್ತದೆ ಸಾಮಾನ್ಯ. ಆ ಶಾಫ್ಟ್ ಹಿಡ್ಕೊಂಡಿರುವ ಬೇರಿಂಗ್ ಕ್ಯಾರಿಯರಿನ ಸುತ್ತ ದೊಡ್ಡ ಓ-ರಿಂಗು. ಮೇಲಿಂದ ಬರುವ ಉದ್ದ ಶಾಫ್ಟಿನ ಸೀಲು, ಅದು ವಾಟರ್ ಪಂಪಿನ ಅಡಿಯಲ್ಲಿ ಅಡಗಿರ್ತದೆ, ಯಾರೂ ನೋಡುದಿಲ್ಲ. ಮತ್ತೆ ಗೇರ್ ಹಾಕುವ ರಾಡು ಒಳಗೆ ಹೋಗುವ ಜಾಗದ ಸೀಲು. ಕೊನೆಗೆ ಡಬ್ಬಿಯೇ ಎಲ್ಲಾದ್ರೂ ಕೂದಲೆಳೆ ಬಿರುಕು ಬಿಟ್ಟಿದ್ರೆ ಅದು.

ಫ್ಯಾನ್ ಬಿಚ್ಚಿದಾಗ ಹಿಂದ್ಗಡೆ ಬಲೆ ದಾರ ಸುತ್ತಿತ್ತಾ? ನೈಲಾನ್ ದಾರ ಒಮ್ಮೆ ಸೀಲ್ ತುಟಿಗೆ ಹೋದ್ರೆ ಬ್ಲೇಡಿನ ಹಾಗೆ ಕೊಯ್ತದೆ.

ಕಣಿವೆ_ಹುಡ್ಗ
ಮೊದಲ್ನೇ ಸಲ ಬಿಚ್ದಾಗ ದಾರ ಇತ್ತು ಅಣ್ಣ, ಒಂದು ಹಿಡಿ. ಎರಡನೇ ಸಲ ಇರ್ಲಿಲ್ಲ.

ಬೋರ್‌ವೆಲ್_ಬಸಣ್ಣ
ದಾರ ಇಲ್ದೇನೇ ಎರಡನೇ ಸೀಲೂ ಹೋಗೈತಿ ಅಂದ್ರ ಸೀಲಿನ ತಪ್ಪಲ್ಲ ಅದು, ಬ್ಯಾರೆ ಏನೋ ಐತಿ. ನಾವು ಸಬ್‌ಮರ್ಸಿಬಲ್ ಬಿಚ್ಚೋರು, ಅದ್ರಾಗೂ ಇದೇ ಗೋಳು. ಗಿರಾಕಿ ಬಂದು ಸೀಲ್ ಹಾಕ್ರಿ ಅಂತಾನ, ಹಾಕ್ತೀವಿ, ತಿಂಗ್ಳಿಗೆ ವಾಪಸ್ ಬರ್ತಾನ. ಶಾಫ್ಟ್ ಸವದು ಗೆರಿ ಬಿದ್ದಿರ್ತತಿ, ಆ ಗೆರಿ ಮ್ಯಾಲೆ ಎಷ್ಟ್ ಹೊಸಾ ಸೀಲ್ ಕುಂದ್ರಿಸಿದ್ರೂ ನಿಲ್ಲಂಗಿಲ್ಲ. ಉಗುರಿಂದ ಶಾಫ್ಟ್ ಮ್ಯಾಲೆ ಗೀರಿ ನೋಡ್ರಿ, ಉಗುರು ಸಿಕ್ಕಂಡ್ರ ಅದು ಸವದೈತಿ ಅಂತ ಅರ್ಥ.

ದುರ್ಗದ_ಕಲ್ಲು
ಅದು ನೀರೇ ಅಂತ ಗ್ಯಾರಂಟಿನಾ ಮೊದ್ಲು? ಆಯಿಲಲ್ಲಿ ಗಾಳಿ ಸೇರಿ ನೊರೆ ಬಂದ್ರೂ ಬೆಳ್ಳಗೆ ಕಾಣುತ್ತೆ. ಗಾಜಿನ ಲೋಟಕ್ಕೆ ಹಾಕಿ ರಾತ್ರಿ ಇಡೀ ಬಿಡಿ, ನೊರೆ ಆದ್ರೆ ಬೆಳಗ್ಗೆ ತಿಳಿಯಾಗಿರುತ್ತೆ. ಇಲ್ಲಾಂದ್ರೆ ಕಾದ ಹಂಚಿನ ಮೇಲೆ ಎರಡು ಹನಿ ಬಿಡಿ, ನೀರಿದ್ರೆ ಚಟಚಟ ಅನ್ನುತ್ತೆ, ಸಾಸಿವೆ ಸಿಡಿದಂಗೆ.

ಕಣಿವೆ_ಹುಡ್ಗ | ಸೋಮವಾರ
ಹಂಚಿನ ಪರೀಕ್ಷೆ ಆಯ್ತು. ಚಟಚಟ ಅಂತು. ಆಮೇಲೆ ಮನೆಯವ್ಳೂ ಚಟಚಟ ಅಂದ್ಳು, ರೊಟ್ಟಿ ಹಂಚಲ್ಲಿ ಮಾಡ್ಬಿಟ್ಟೆ, ಮನೆ ತುಂಬ ಗಂಧಕದ ವಾಸ್ನೆ. ನೀರೇ ಅನ್ನೋದು ಪಕ್ಕಾ. ಲೋಟದಲ್ಲಿ ಇಟ್ಟಿದ್ದು ಬೆಳಗ್ಗೆಗೂ ಮಜ್ಜಿಗೆನೇ.

ಇನ್ನೊಂದು ವಿಷ್ಯ, ಫ್ಯಾನಿನ ನಡುವಿಂದ ಕರೀ ಆಯಿಲ್ ಸೋರ್ತೈತೆ, ದೋಣಿ ನಿಲ್ಸಿದ ಜಾಗದಲ್ಲಿ ನೀರ ಮೇಲೆ ಬಣ್ಣ ಬಣ್ಣದ ಪದರ ತೇಲ್ತೈತೆ. ಅಂದ್ರೆ ಗೇರ್ ಆಯಿಲ್ ಹೊರಗೂ ಬರ್ತೈತಾ?

ಶಾಂತಿಸಾಗರ_77
ನಿಲ್ಲಿ ನಿಲ್ಲಿ. ಆ ನೀರು ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗೆ ಕುಡಿಯಕ್ಕೆ ಹೋಗೋ ನೀರು ಕಣ್ರಿ. ಆಯಿಲ್ ಸೋರ್ತಿದ್ರೆ ಮೊದ್ಲು ದೋಣಿ ಮೇಲೆಳೀರಿ, ಆಮೇಲೆ ಚರ್ಚೆ. ನಮ್ಮ ಸೂಳೆಕೆರೆಯಲ್ಲೂ ತೆಪ್ಪ ಹುಟ್ಟುಹಾಕೇ ಮೀನು ಹಿಡಿತಾರೆ, ಯಾರೂ ಉಪವಾಸ ಇಲ್ಲ.

ಕಣಿವೆ_ಹುಡ್ಗ
ಎಳೆದು ದಡದ ಮೇಲೆ ಹಾಕಿ ವಾರ ಆಯ್ತು ಸಾರ್. ನಾವೂ ಅದೇ ನೀರು ಕುಡಿಯೋದು. ಆದ್ರೆ ನಮ್ಮ ಹಿನ್ನೀರಲ್ಲಿ ಗಾಳಿ ಎದ್ರೆ ತೆಪ್ಪದಲ್ಲಿ ವಾಪಸ್ ಬರೋದು ಹೆಂಗೆ ಅಂತ ಬಂದು ನೋಡಿ ಒಂದ್ಸಲ.

ಕಡಲ_ಮಗ
ಆ ಕರಿ ಆಯಿಲ್ ಗೇರಿನದ್ದು ಆಗಿರ್ಲಿಕ್ಕಿಲ್ಲ. ಟೂ ಸ್ಟ್ರೋಕಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸ್ತೀರಲ್ಲ, ಪೂರ್ತಿ ಸುಡದೆ ಉಳಿದದ್ದು ಹೊಗೆ ಜೊತೆ ಬಂದು ಫ್ಯಾನಿನ ನಡುವಿಂದ ಹೊರಗೆ ಬೀಳ್ತದೆ, ಹೊಗೆ ದಾರಿಯೇ ಅದು. ಮೂಸಿ ನೋಡಿ, ಹೊಗೆ ಮತ್ತೆ ಪೆಟ್ರೋಲ್ ವಾಸನೆ ಬಂದ್ರೆ ಇದು. ಗೇರ್ ಆಯಿಲ್ ವಾಸನೆ ಬೇರೆ, ನಿಮ್ಮ ಮನೆಯವರಿಗೆ ಈಗ ಗೊತ್ತುಂಟು 😀 ಕೈಗೆ ಬಂದಷ್ಟು ಆಯಿಲ್ ಹಾಕ್ಬೇಡಿ, ಅಳತೆ ಮಾಡಿ ಹಾಕಿ, ಪದರ ಕಡಿಮೆ ಆಗ್ತದೆ. ಆದ್ರೂ ಪೂರ್ತಿ ನಿಲ್ಲುದಿಲ್ಲ, ಟೂ ಸ್ಟ್ರೋಕಿನ ಜಾತಿಯೇ ಹಾಗೆ, ಆ ಮಟ್ಟಿಗೆ ಶಾಂತಿಸಾಗರ ಅವರು ಹೇಳಿದ್ದು ಸರಿ.

ಹೆಸರು_ಬೇಡ
ಆಯಿಲ್ ಬದ್ಲು ಗ್ರೀಸ್ ತುಂಬಿ. ನಮ್ಮ ಊರಲ್ಲಿ ಪವರ್ ಟಿಲ್ಲರಿಗೆ ಹಂಗೇ ಮಾಡೋದು. ಗ್ರೀಸ್ ಇದ್ರೆ ನೀರು ಎಲ್ಲಿಂದ ನುಗ್ಗುತ್ತೆ?

ಲೇತ್_ಮಾಮ
ಈ ಗ್ರೀಸ್ ಸಲಹಿ ಕೊಟ್ಟೋರ್ನ ಹುಡುಕ್ಕಂಡು ಬಂದೆ. ತಮ್ಮಾ, ಗೇರು ಒಂದ್ಸಲ ತಿರುಗಿ ಗ್ರೀಸ್ನ ಬದಿಗೆ ತಳ್ತತಿ, ಅದು ವಾಪಸ್ ಹರದು ಬರಂಗಿಲ್ಲ, ಅಲ್ಲೇ ಗ್ವಾಡಿ ಕಟ್ಟಿದಂಗ ಕುಂತ್ಕಂತತಿ. ಹಲ್ಲು ಒಣಾ ತಿರುಗ್ತಾವ. ಎಣ್ಣಿ ಆದ್ರ ಹರದು ಬರ್ತತಿ, ಬಿಸೀನೂ ಹೊರಗ ಒಯ್ತತಿ. 80ಡಬ್ಲ್ಯೂ-90 ಗೇರ್ ಆಯಿಲ್, ಆ ಡಬ್ಬಿಗೆ ಕಾಲು ಲೀಟ್ರು ಆಸುಪಾಸು ಹಿಡೀತತಿ, ಅದ್ಕ ಜಿಪುಣತನ ಯಾಕ?

ನಾನು ಹರಿಹರದಾಗ ಲೇತ್ ಮ್ಯಾಲೆ ಮೂವತ್ತು ವರ್ಷ ನಿಂತೋನು. ಬಸಣ್ಣ ಹೇಳಿದ್ದು ಅರ್ಧ ಸರಿ ಐತಿ. ಗೆರಿ ಬಿದ್ದಿದ್ರ ತೆಳು ಸ್ಟೀಲ್ ಸ್ಲೀವ್ ಹಾಕ್ಬೋದು, ಇಲ್ಲಾಂದ್ರ ಹೊಸಾ ಸೀಲ್ನ ಒಂದು ಮಿಲಿಮೀಟ್ರು ಒಳಗೋ ಹೊರಗೋ ಕುಂದ್ರಿಸಿದ್ರ ತುಟಿ ಹೊಸಾ ಜಾಗದಾಗ ಕುಂದ್ರತತಿ. ಆದ್ರ ಗೆರಿಗಿಂತ ದೊಡ್ಡ ರೋಗ ಇನ್ನೊಂದೈತಿ. ಅದನ್ನ ಈಗ್ಲೇ ಹೇಳಂಗಿಲ್ಲ, ಮೊದ್ಲು ಗಾಳಿ ಹೊಡದು ನೋಡ್ರಿ, ಆಮ್ಯಾಲೆ ಮಾತಾಡಾಣ.

ದೋಸೆ_ದಾವಣಗೆರೆ
ಮಾಮ ಸೀರಿಯಲ್ ಥರ ಮುಂದಿನ ಎಪಿಸೋಡಿಗೆ ಬಿಟ್ರು

ಕಡಲ_ಮಗ
ಲೇತ್ ಮಾಮ ಹೇಳಿದ್ದೇ ಸರಿ, ಗಾಳಿ ಪರೀಕ್ಷೆ ಮಾಡದೆ ಸೀಲಿಗೆ ಕೈ ಹಾಕ್ಬಾರ್ದು. ಮಾಡುದು ಹೀಗೆ. ಆಯಿಲ್ ಪೂರ್ತಿ ಇಳಿಸಿ. ಇಳಿಸುವಾಗ ಸ್ಕ್ರೂ ತುದಿ ನೋಡಿ, ಆಯಸ್ಕಾಂತ ಇದ್ರೆ ಅದ್ರ ಮೇಲೆ ಬೂದು ಪೇಸ್ಟಿನ ಹಾಗೆ ಇದ್ರೆ ಮಾಮೂಲಿ, ಚೂರು ಚೂರು ಕಬ್ಬಿಣ ಇದ್ರೆ ಗೇರೇ ಹೋಗಿದೆ, ಸೀಲಿನ ಮಾತೇ ಬೇಡ. ಎಚ್ಚರ, ಕೆಲವು ಇಂಜಿನಲ್ಲಿ ಆಯಿಲ್ ಸ್ಕ್ರೂ ಪಕ್ಕದಲ್ಲೇ ಇನ್ನೊಂದು ಪ್ಲಸ್ ತಲೆಯ ಸ್ಕ್ರೂ ಇರ್ತದೆ, ಅದು ಒಳಗಿನ ಗೇರ್ ಹಾಕುವ ತುಂಡನ್ನು ಹಿಡ್ಕೊಂಡಿರುದು. ಆಯಿಲ್ ಸ್ಕ್ರೂ ಅಂತ ಅದನ್ನು ಬಿಚ್ಚಿದ್ರೆ ಒಳಗೆ ತುಂಡು ಜಾರಿ ಇಡೀ ಡಬ್ಬಿ ಬಿಚ್ಬೇಕಾಗ್ತದೆ.

ಮೇಲಿನ ಸ್ಕ್ರೂ ಹಾಕಿ ಬಿಗಿ ಮಾಡಿ. ಕೆಳಗಿನ ತೂತಿಗೆ ಅದೇ ಥ್ರೆಡ್ಡಿನ ಬೋಲ್ಟ್ ತಗೊಂಡು ನಡುವೆ ತೂತು ಕೊರೆಸಿ ಟ್ಯೂಬ್‌ಲೆಸ್ ಟಯರಿನ ವಾಲ್ವ್ ಬೆಸೆಸಿ ಹಾಕಿ. ಸೈಕಲ್ ಪಂಪಲ್ಲಿ ಗಾಳಿ ಹೊಡೀರಿ. 10 ಪಿಎಸ್‌ಐ, ಅಬ್ಬಬ್ಬಾ ಅಂದ್ರೆ 15. ದಯವಿಟ್ಟು ಪಂಕ್ಚರ್ ಅಂಗಡಿ ಕಂಪ್ರೆಸರ್ ಇಡ್ಬೇಡಿ, ಇರುವ ಒಳ್ಳೆ ಸೀಲೂ ಹಾರಿ ಹೋಗ್ತದೆ. ಆಮೇಲೆ ಇಡೀ ಡಬ್ಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರ್ತದೆ ನೋಡಿ.

ಬೋರ್‌ವೆಲ್_ಬಸಣ್ಣ
ಟಯರ್ ಗೇಜ್ 10ರ ಹತ್ರ ಸುಳ್ ಹೇಳ್ತತಿ. 30ರ ತನಕ ಇರೋ ಸಣ್ಣ ಡಯಲ್ ಗೇಜ್ ತಗೊಳ್ರಿ. ಇನ್ನ ಬಿಸಲಾಗ ಇಟ್ಟು ಪರೀಕ್ಷೆ ಮಾಡಬ್ಯಾಡ್ರಿ, ಬಿಸಿಗೆ ಗಾಳಿ ಹಿಗ್ಗಿ ಮುಳ್ಳು ಮ್ಯಾಲೇರಿರ್ತತಿ, ನೆರಳಿಗೆ ತಂದ್ರ ಇಳೀತತಿ, ನೀವು ಲೀಕ್ ಅನ್ಕಂತೀರಿ.

ದುರ್ಗದ_ಕಲ್ಲು
ಒಂದು ಡೌಟು. ಒಳಗಿಂದ ಹೊರಗೆ ಗಾಳಿ ಸರಿ, ಆದ್ರೆ ಇಲ್ಲಿ ನೀರು ಹೊರಗಿಂದ ಒಳಗೆ ಹೋಗ್ತಿರೋದಲ್ವಾ? ಸೀಲ್ ತುಟಿ ಒಂದೇ ದಿಕ್ಕಿಗೆ ತಡಿಯುತ್ತೆ.

ಕಡಲ_ಮಗ
ಒಳ್ಳೆ ಪ್ರಶ್ನೆ. ಅದಕ್ಕೇ ಎರಡು ಪರೀಕ್ಷೆ ಮಾಡುದು. ಗಾಳಿ ಹೊಡೆದಾದ್ಮೇಲೆ ಗಾಳಿ ಎಳ್ದು ಕೂಡ ನೋಡ್ಬೇಕು, ಬ್ರೇಕ್ ಬ್ಲೀಡ್ ಮಾಡುವ ಕೈ ವ್ಯಾಕ್ಯೂಮ್ ಪಂಪು ಸಾಕು. ನೀರು ಒಳಗೆ ಹೋಗುದು ಹೇಗೆ ಗೊತ್ತುಂಟಾ? ಓಡುವಾಗ ಡಬ್ಬಿ ಬಿಸಿ ಆಗಿ ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗ್ತದೆ. ಇಂಜಿನ್ ನಿಲ್ಸಿ ನೀರಲ್ಲೇ ಬಿಟ್ರೆ ತಣ್ಣಗಾಗ್ತಾ ಒಳಗೆ ಎಳೀತದೆ, ಸಿರಿಂಜಿನ ಹಾಗೆ. ಆವಾಗ ಗಾಳಿ ಅಲ್ಲ ನೀರು ಬರ್ತದೆ. ಹಾಗಾಗಿ ಓಡಿಸಿದ್ದಕ್ಕಿಂತ ನಿಲ್ಸಿದ ಮೇಲೆ ಜಾಸ್ತಿ ನೀರು ಸೇರುದು. ರಾತ್ರಿ ಇಂಜಿನ್ ಓರೆ ಮಾಡಿ ನೀರಿಂದ ಎತ್ತಿ ಇಟ್ರೆ ಅರ್ಧ ಸಮಸ್ಯೆ ಕಮ್ಮಿ.

ಶಾಂತಿಸಾಗರ_77
ಇದು ಗೊತ್ತಿರ್ಲಿಲ್ಲ. ಚೆನ್ನಾಗಿದೆ.

ಹೆಸರು_ಬೇಡ
ಇಷ್ಟೆಲ್ಲಾ ಯಾಕೆ, ಸೀಲ್ ಸುತ್ತ ಎಂ-ಸೀಲ್ ಮೆತ್ತಿ.

ಲೇತ್_ಮಾಮ
ತಿರುಗೋ ಶಾಫ್ಟಿಗೆ ಎಂ-ಸೀಲ್!! ದೇವ್ರೇ ಕಾಪಾಡ್ಬೇಕು.

ದೋಸೆ_ದಾವಣಗೆರೆ
ಹೆಸರು ಬೇಡ ಅಂತ ಯಾಕ ಇಟ್ಕೊಂಡಾನ ಅಂತ ಈಗ ಗೊತ್ತಾತು

ಕಣಿವೆ_ಹುಡ್ಗ | ಬುಧವಾರ
ಮಾಡಿ ಆಯ್ತು!! ಎಮ್ಮೆ ನೀರು ಕುಡಿಯೋ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿದ್ವಿ, ಎಮ್ಮೆ ದೂರ ನಿಂತು ನೋಡ್ತಿತ್ತು. 10ಕ್ಕೆ ಏರಿಸಿದ್ದು ಹತ್ತು ನಿಮಿಷಕ್ಕೆ 4ಕ್ಕೆ ಇಳೀತು. ಗುಳ್ಳೆ ಎಲ್ಲಿಂದ ಗೊತ್ತಾ, ಮೇಲಿನ ಆಯಿಲ್ ಸ್ಕ್ರೂ! ಸಾಲು ಸಾಲು ಗುಳ್ಳೆ. ವಾಷರ್ ತೆಗ್ದು ನೋಡಿದ್ರೆ ಚಪ್ಪಟೆ ಆಗಿ ಒಂದು ಕಡೆ ಸೀಳೈತೆ, ಇಬ್ರು ಮೆಕ್ಯಾನಿಕ್ಕೂ ಅದನ್ನೇ ವಾಪಸ್ ಹಾಕ್ಬಿಟ್ಟವ್ರೆ. ಹೊಸ ಫೈಬರ್ ವಾಷರ್ ಎರಡು ತಂದು ಹಾಕ್ದೆ, ಹತ್ತು ರೂಪಾಯಿ. ಈಗ 10ರಲ್ಲಿ ಅರ್ಧ ಗಂಟೆ ನಿಂತೈತೆ, ಮುಳ್ಳು ಅಲ್ಲಾಡ್ತಿಲ್ಲ. ಮೂರು ಸಾವಿರದ ಕೆಲಸ ಹತ್ತು ರೂಪಾಯಿಗೆ ಮುಗೀತು. ಎಲ್ರಿಗೂ ಥ್ಯಾಂಕ್ಸ್, ಈ ಚರ್ಚೆ ಇಲ್ಲಿಗೆ ಕ್ಲೋಸ್.

ದುರ್ಗದ_ಕಲ್ಲು
ಸೂಪರ್. ವಾಷರ್ ಒಂದು ಸಲಕ್ಕೆ ಮಾತ್ರ, ಪ್ರತಿ ಸಲ ಹೊಸದು ಹಾಕ್ಬೇಕು, ಬೈಕ್ ಆಯಿಲ್ ಚೇಂಜ್ ಮಾಡುವಾಗ್ಲೂ ಇದೇ ತಪ್ಪು ಮಾಡ್ತಾರೆ.

ಲೇತ್_ಮಾಮ
ಯಾರ್ಲಾ ಅದು ಕ್ಲೋಸ್ ಅಂದೋನು. ಶಾಫ್ಟ್ ತಿರುಗಿಸಿ ನೋಡಿದ್ಯಾ?

ಕಣಿವೆ_ಹುಡ್ಗ
ಇಲ್ಲ ಮಾಮ, ಮುಳ್ಳು ನಿಂತಿತ್ತಲ್ಲ ಅಂತ...

ಲೇತ್_ಮಾಮ
ನಿಂತ ಶಾಫ್ಟು ಎಲ್ಲಾರ ಮನ್ಯಾಗೂ ನೀರು ತಡೀತತಿ. ದೋಣಿ ಓಡುವಾಗ ಶಾಫ್ಟ್ ನಿಂತಿರ್ತತೇನು? ಗಾಳಿ ಹೊಡದು ನೀರಾಗ ಇಟ್ಟು ಗೇರ್ ನ್ಯೂಟ್ರಲ್‌ನಾಗ ಇಟ್ಕಂಡು ಫ್ಯಾನ್ ಶಾಫ್ಟ್ ಕೈಲಿ ನಿಧಾನ ತಿರುಗ್ಸು. ಮ್ಯಾಲಿನ ಉದ್ದ ಶಾಫ್ಟೂ ತಿರುಗ್ಸು. ಗೇರ್ ರಾಡೂ ಮ್ಯಾಲೆ ಕೆಳಗ ಆಡ್ಸು. ಒಂದೊಂದಾಗಿ.

ಕಡಲ_ಮಗ
ಹೌದು, ಇದು ನಾನೇ ಬರಿಬೇಕಿತ್ತು, ಬಿಟ್ಟು ಹೋಯ್ತು. ಉದ್ದ ಶಾಫ್ಟ್ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ ಆಯ್ತಾ, ಉಲ್ಟಾ ತಿರುಗಿಸಿದ್ರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಎಲೆ ಮಡಚಿ ಹಾಳಾಗ್ತದೆ. ಅದು ಹೋದ್ರೆ ಇಂಜಿನಿಗೇ ತಣ್ಣೀರು ಹೋಗುದಿಲ್ಲ.

ಶಾಂತಿಸಾಗರ_77
ಈ ಗ್ಯಾಪಲ್ಲಿ ಒಂದು ಪ್ರಶ್ನೆ, ಮಾರಿಕಣಿವೆ ತುಂಬಿ ಕೋಡಿ ಬಿದ್ದಿದ್ದು ಎಷ್ಟು ಸಲ? ನಮ್ಮೂರಲ್ಲಿ ಒಬ್ರು 2022ರಲ್ಲೇ ಮೊದಲ ಸಲ ಅಂತ ವಾದ ಮಾಡ್ತಿದ್ರು.

ದುರ್ಗದ_ಕಲ್ಲು
ತಪ್ಪು. 1898ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ಆಳ್ತಿದ್ದಾಗ ಕೆಲಸ ಶುರು, 1907ಕ್ಕೆ ಮುಗೀತು. ಮೊದಲ ಸಲ ತುಂಬಿದ್ದು 1933. ಆಮೇಲೆ 89 ವರ್ಷ ಬಿಟ್ಟು 2022ರ ಸೆಪ್ಟೆಂಬರ್. ಮೂರನೇದು 2025ರ ಜನವರಿ. ನಮ್ಮ ಅಜ್ಜ ಕೋಡಿ ನೋಡ್ದೇನೇ ಹೋದ್ರು, ಅವರಪ್ಪ ನೋಡಿದ್ರಂತೆ.

ಬೋರ್‌ವೆಲ್_ಬಸಣ್ಣ
2022ರಾಗ ನಾವು ಗಾಡಿ ಮಾಡ್ಕಂಡು ನೋಡಾಕ ಹೋಗಿದ್ವಿ, ಡ್ಯಾಂ ಕಾಣ್ಲಿಲ್ಲ, ಬರೇ ಜನದ ತಲಿ ಕಂಡ್ವು.

ಕಣಿವೆ_ಹುಡ್ಗ | ಗುರುವಾರ
ಮಾಮ ನಿಮ್ಮ ಕಾಲಿಗೆ ಬಿದ್ದೆ. ಉದ್ದ ಶಾಫ್ಟ್ ತಿರುಗಿಸಿದೆ, ಏನೂ ಇಲ್ಲ. ಗೇರ್ ರಾಡ್ ಆಡಿಸಿದೆ, ಏನೂ ಇಲ್ಲ. ಫ್ಯಾನ್ ಶಾಫ್ಟ್ ತಿರುಗಿಸಿದ್ರೆ ಒಂದು ಸುತ್ತಿಗೆ ಒಂದೇ ಒಂದು ಗುಳ್ಳೆ, ಪುಳಕ್ ಅಂತ. ಮತ್ತೆ ಒಂದು ಸುತ್ತು, ಮತ್ತೆ ಒಂದು ಗುಳ್ಳೆ. ಚಾಕ್‌ಪೀಸಲ್ಲಿ ಶಾಫ್ಟ್ ಮೇಲೆ ಗುರುತು ಹಾಕ್ದೆ, ಪ್ರತಿ ಸಲ ಗುರುತು ಮೇಲ್ಗಡೆ ಬಂದಾಗ್ಲೇ ಗುಳ್ಳೆ. ಉಗುರಿಂದ ಗೀರಿ ನೋಡ್ದೆ, ಗೆರೆ ಇಲ್ಲ.

ಲೇತ್_ಮಾಮ
ನಾನು ಹೇಳ್ದೆ ಬಿಟ್ಟಿದ್ದು ಅದೇ. ಶಾಫ್ಟ್ ಬಗ್ಗೈತಿ. ಗೆರಿ ಬಿದ್ದಿದ್ರ ಸುತ್ತಲೂ ಸೋರ್ತಿತ್ತು. ಒಂದೇ ಜಾಗದಾಗ ಸೋರ್ತತಿ ಅಂದ್ರ ಅಲ್ಲಿ ಶಾಫ್ಟ್ ಪಕ್ಕಕ್ಕ ಸರೀತತಿ, ಸೀಲ್ ತುಟಿ ಹಿಂದ್ಲೇ ಓಡಾಕ ಆಗಂಗಿಲ್ಲ. ಹೊಸಾ ಸೀಲು ಮೊದ್ಲು ಸ್ವಲ್ಪ ದಿನ ಸ್ಪ್ರಿಂಗ್ ಬಲದಾಗ ಹಿಡೀತತಿ, ಹದಿನೈದು ದಿನಕ್ಕ ತುಟಿ ಸವದು ಮುಗೀತು. ನಿನ್ನ ಎರಡು ಸೀಲಿನ ಆಯುಷ್ಯ ಅಷ್ಟೇ.

ಲೇತಿಗೆ ಕೊಡೋ ಮುಂಚೆ ಮನ್ಯಾಗೇ ನೋಡ್ಬೋದು. ಫ್ಯಾನ್ ತಗದು, ಫ್ಯಾನಿನ ಮ್ಯಾಲೆ ಇರ್ತತಲ್ಲ ಅಗಲದ ತಟ್ಟಿ, ಅದ್ಕ ಒಂದು ಗಟ್ಟಿ ತಂತಿ ಬಿಗದು ಅದ್ರ ತುದಿ ಶಾಫ್ಟಿನ ತುದಿ ಹತ್ರ ಕೂದ್ಲಷ್ಟು ಸಂದಿ ಬಿಟ್ಟು ನಿಲ್ಸು. ಶಾಫ್ಟ್ ತಿರುಗ್ಸು. ಸಂದಿ ಒಂದ್ಕಡಿ ಜಾಸ್ತಿ ಒಂದ್ಕಡಿ ಕಡಿಮಿ ಆದ್ರ ಬಗ್ಗೈತಿ.

ಕಣಿವೆ_ಹುಡ್ಗ
ಮಾಡ್ದೆ. ಒಂದ್ಕಡೆ ತಂತಿ ಮುಟ್ತೈತೆ, ಎದುರು ಕಡೆ ಸಂದಿಗೆ ಪೋಸ್ಟ್‌ಕಾರ್ಡ್ ಹೋಗ್ತೈತೆ 🙁

ಬೋರ್‌ವೆಲ್_ಬಸಣ್ಣ
ಏನಕ್ಕಾದ್ರೂ ಬಡ್ದಿತ್ತಾ?

ಕಣಿವೆ_ಹುಡ್ಗ
ಬಡ್ದಿತ್ತು ಅಣ್ಣ. ಈಗ ಜ್ಞಾಪಕ ಬಂತು. ಡ್ಯಾಂ ತುಂಬಿದ್ಮೇಲೆ ಹೊಸದುರ್ಗ ಕಡೆ ಹಿನ್ನೀರಲ್ಲಿ ಎಷ್ಟೋ ಜನರ ತೋಟ ಮುಳುಗ್ತು, ತೆಂಗು, ಅಡಿಕೆ, ಬೇಲಿ ಕಂಬ, ಡ್ರಿಪ್ ಪೈಪು ಎಲ್ಲಾ ನೀರಡೀಲೇ ಅವೆ. ನೀರು ಸ್ವಲ್ಪ ಇಳಿದ್ರೆ ತೆಂಗಿನ ಮೋಟು ನೀರಿನ ಮಟ್ಟದಿಂದ ಒಂದು ಮೊಳ ಕೆಳಗಿರ್ತೈತೆ, ಕಾಣಲ್ಲ. ನಮ್ಮ ಮಾವ ಸಾಯಂಕಾಲ ಜೋರಾಗಿ ಬಂದು ಒಂದಕ್ಕೆ ಹೊಡ್ದಿದ್ರು, ಇಂಜಿನ್ ಎಗರಿ ಬಿತ್ತು ಅಂತ ಆವಾಗ ನಗಾಡ್ಕಂಡು ಹೇಳಿದ್ರು. ಯಾರ ತೋಟದ ಮರ ಅಂತಾನೂ ಅವರಿಗೆ ಗೊತ್ತು, ನೀರು ಬರೋ ಮುಂಚೆ ಅದರ ಎಳನೀರು ಕುಡ್ದವ್ರೆ.

ದೋಸೆ_ದಾವಣಗೆರೆ
ಮರ ಸೇಡು ತೀರಿಸ್ಕಂತು

ಕಡಲ_ಮಗ
ಒಂದು ವಿಷಯ ಅರ್ಥ ಆಗ್ತಿಲ್ಲ. ಫ್ಯಾನಿನ ಒಳಗೆ ರಬ್ಬರ್ ಬುಷ್ ಇರ್ತದೆ, ಪೆಟ್ಟು ಬಿದ್ರೆ ರಬ್ಬರ್ ಜಾರ್ಬೇಕು, ಶಾಫ್ಟ್ ಉಳೀಬೇಕು. ಅದಕ್ಕೇ ಅದನ್ನು ಇಟ್ಟಿರುದು. ನಿಮ್ದು ಯಾಕೆ ಜಾರ್ಲಿಲ್ಲ?

ಕಣಿವೆ_ಹುಡ್ಗ
ಫ್ಯಾನ್ ಫೋಟೋ ಹಾಕೀನಿ ನೋಡಿ. ನಡುವೆ ಎರಡು ಬೋಲ್ಟ್ ಐತಲ್ಲ, ಅದು ಕಂಪನಿಯಿಂದ್ಲೇ ಬಂದಿದ್ದು ಅನ್ಕೊಂಡಿದ್ದೆ.

ಕಡಲ_ಮಗ
ಅಯ್ಯೋ ದೇವರೇ. ಅದು ಕಂಪನಿಯದ್ದಲ್ಲ. ಮೊದ್ಲು ಇಟ್ಕೊಂಡವ ರಬ್ಬರ್ ಬುಷ್ ಜಾರ್ತದೆ ಅಂತ ತೂತು ಕೊರೆದು ಎರಡು ಬೋಲ್ಟ್ ಹಾಕಿ ಗಟ್ಟಿ ಮಾಡಿದ್ದು. ಜುಗಾಡು. ನಮ್ಮಲ್ಲೂ ಮಾಡ್ತಾರೆ, ಆಳ ಸಮುದ್ರದಲ್ಲಿ ತಾಗ್ಲಿಕ್ಕೆ ಏನಿಲ್ಲ, ನಡೀತದೆ. ನಿಮ್ಮಲ್ಲಿ ನೀರಡಿ ತೋಟ ಉಂಟು, ಪೆಟ್ಟು ನೇರ ಶಾಫ್ಟಿಗೆ ಹೋಗಿದೆ. ಶಾಫ್ಟ್ ಮಾತ್ರ ಬದಲಿಸಿ ಆ ಫ್ಯಾನೇ ಹಾಕಿದ್ರೆ ಮುಂದಿನ ಮರಕ್ಕೆ ಹೊಸ ಶಾಫ್ಟೂ ಹೋಗ್ತದೆ.

ಹೆಸರು_ಬೇಡ
ಶಾಫ್ಟ್ ಬಡಿದು ನೆಟ್ಟಗೆ ಮಾಡ್ಸಿ, ಪ್ರೆಸ್ಸಲ್ಲಿ ಐನೂರು ರೂಪಾಯಿ.

ಲೇತ್_ಮಾಮ
ಈ ಸಲ ಇವನು ಪೂರ್ತಿ ತಪ್ಪು ಹೇಳಿಲ್ಲ, ನೆಟ್ಟಗ ಮಾಡಾಕ ಬರ್ತತಿ. ನಾನೇ ವಿ-ಬ್ಲಾಕ್ ಮ್ಯಾಲಿಟ್ಟು ಡಯಲ್ ಗೇಜ್ (ಗಾಳೀದಲ್ಲ, ಶಾಫ್ಟ್ ಬಾಗು ಅಳಿಯೋದು) ಹಚ್ಚಿ ಎಷ್ಟೋ ಶಾಫ್ಟ್ ನೆಟ್ಟಗ ಮಾಡೀನಿ. ಆದ್ರ ಇದು ಮ್ಯಾಲೆ ಗಡಸು ಮಾಡಿದ ಶಾಫ್ಟು, ಒತ್ತಿದ್ರ ಕಣ್ಣಿಗೆ ಕಾಣದಂಥ ಬಿರುಕು ಬಿಡ್ತತಿ. ಪಂಪ್‌ಸೆಟ್ ಶಾಫ್ಟ್ ಮುರದ್ರ ದಂಡಿ ಮ್ಯಾಲೆ ಮುರೀತತಿ, ಇದು ಮುರದ್ರ ಡ್ಯಾಂ ನಡುವ್ಯಾಗ ಮುರೀತತಿ. ನಾನಾದ್ರ ಮಾಡಂಗಿಲ್ಲ.

ಹೆಸರು_ಬೇಡ
ಒಪ್ಕೊಂಡೆ ಮಾಮ, ದಡಕ್ಕೆ ಈಜೋರು ನೀವಲ್ಲ ಅವರು.

ಕಡಲ_ಮಗ
ಶಾಫ್ಟ್ ಗುಜರಿ ಇಂಜಿನಿಂದ ಸಿಗ್ತದೆ. ಶಾಫ್ಟ್ ತೆಗೆದು ಹಲ್ಲು ಎಣಿಸಿ, ಉದ್ದ ಅಳೆದು, ಡಬ್ಬಿ ಮೇಲೆ ಎರಕದಲ್ಲಿ ಮೂಡಿದ ನಂಬರ್ ಇದ್ರೆ ಅದೂ ಹಾಕಿ, ಖಾಸಗಿಯಾಗಿ ಕಳಿಸಿ. ತೆಗೆಯುವಾಗ ಬಟ್ಟೆ ಹಾಸ್ಕೊಳ್ಳಿ, ಶಾಫ್ಟಿನ ಒಳಗಿಂದ ಸಣ್ಣ ಸ್ಪ್ರಿಂಗು, ಪಿನ್ನು, ಕೆಲವುದ್ರಲ್ಲಿ ಸಣ್ಣ ಗುಂಡು ಹಾರ್ತದೆ. ತೆಳು ತೆಳು ಶಿಮ್ ವಾಷರ್ ಬಂದ್ರೆ ಯಾವ ಕಡೆದು ಅಂತ ದಾರಕ್ಕೆ ಪೋಣಿಸಿ ಇಡಿ, ಅದು ಕಳೆದ್ರೆ ಗೇರ್ ಹಲ್ಲಿನ ಸಂದಿ ತಪ್ಪಿ ಸದ್ದು ಬರ್ತದೆ. ಹಳೇ ಸೀಲ್ ಯಾವ ದಿಕ್ಕಿಗಿತ್ತು ಅಂತ ಫೋಟೋ ತೆಗೀರಿ, ಎರಡೂ ಒಂದೇ ದಿಕ್ಕಿಗೆ ಇರುವ ಮಾಡೆಲ್ಲೂ ಉಂಟು, ಎದುರು ಬದುರು ಇರುವುದೂ ಉಂಟು.

ಬೋರ್‌ವೆಲ್_ಬಸಣ್ಣ
ಸೀಲ್ ತರಾಕ ದಾವಣಗೆರೆಗೆ ಬರ್ರಿ, ಬೇರಿಂಗ್ ಅಂಗಡ್ಯಾಗ ಹಳೇ ಸೀಲ್ ಮ್ಯಾಲಿನ ಮೂರು ನಂಬರ್ ತೋರಿಸಿದ್ರ ಕೊಡ್ತಾರ, ಶಾಫ್ಟ್ ದಪ್ಪ, ಹೊರಗಿನ ಅಳತಿ, ಅಗಲ. ಸ್ಪ್ರಿಂಗ್ ಸ್ಟೇನ್‌ಲೆಸ್ ಇರೋದು ಕೇಳ್ರಿ. ಮಾಮೂಲಿ ಸೀಲಿನ ಸ್ಪ್ರಿಂಗ್ ನೀರಾಗ ತುಕ್ಕು ಹಿಡದು ತುಂಡಾಕ್ಕತಿ.

ದೋಸೆ_ದಾವಣಗೆರೆ
ಬಂದಾಗ ಬೆಣ್ಣಿ ದೋಸಿ ನಂದು. ಖಾಲಿ ಅಲ್ಲ, ಎರಡು ಬೆಣ್ಣಿ ಖಾಲಿ.

ಶಾಂತಿಸಾಗರ_77
ನಾಲ್ಕು ದಿನದಿಂದ ಇವರು ಬರೀ ಜೋಕ್ ಮಾಡಿದ್ದಕ್ಕೆ ಇವತ್ತು ಒಂದು ಉಪಯೋಗದ ಮಾತು.

ಕಣಿವೆ_ಹುಡ್ಗ | ಮೂರು ವಾರ ಆದ್ಮೇಲೆ
ಅಪ್ಡೇಟ್. ಕಡಲ ಮಗ ಅಣ್ಣ ಗುಜರಿಯಿಂದ ಶಾಫ್ಟೂ, ರಬ್ಬರ್ ಬುಷ್ ಸರಿ ಇರೋ ಒಂದು ಫ್ಯಾನೂ ಹುಡುಕಿ ಬಸ್ಸಲ್ಲಿ ಪಾರ್ಸೆಲ್ ಹಾಕಿದ್ರು. ಶಾಫ್ಟನ್ನ ನಾನು ನೇರ ಹರಿಹರಕ್ಕೆ ತಗಂಡು ಹೋದೆ, ಮಾಮ ಮನೆ ಹಿಂದಿನ ಶೆಡ್ಡಲ್ಲಿ ಡಯಲ್ ಗೇಜ್ ಹಚ್ಚಿ ತಿರುಗಿಸಿ ನೋಡಿ, ಮುಳ್ಳು ನಿಂತಲ್ಲೇ ನಿಂತಿದ್ದಕ್ಕೆ ಹೂಂ ಅಂದ್ರು, ಅಷ್ಟೇ ಮಾತಾಡಿದ್ದು. ಹಳೇದು ಹಾಕಿ ತೋರಿಸಿದ್ರು, ಮುಳ್ಳು ಕುಣೀತಿತ್ತು.

ಎಲ್ಲಾ ಕೂಡಿಸಿ ಮತ್ತೆ ಎಮ್ಮೆ ತೊಟ್ಟಿಗೆ ಇಳಿಸಿದ್ವಿ. ಗಾಳಿ ಹೊಡೆದೂ ನೋಡ್ದೆ, ಎಳೆದೂ ನೋಡ್ದೆ, ತಿರುಗಿಸಿ, ಆಡಿಸಿ, ಒಂದು ಗುಳ್ಳೆ ಇಲ್ಲ. ಆಯಿಲ್ ಕೆಳಗಿನ ತೂತಿಂದ ಮೇಲಿನ ತೂತಲ್ಲಿ ಬರೋ ತನಕ ತುಂಬ್ಸಿ, ಮೊದ್ಲು ಮೇಲಿನ ಸ್ಕ್ರೂ ಹಾಕಿ ಆಮೇಲೆ ಕೆಳಗಿಂದು, ಎರಡಕ್ಕೂ ಹೊಸ ವಾಷರ್ರು. ಹನ್ನೆರಡು ಗಂಟೆ ಓಡಿಸಿದ್ಮೇಲೆ ನಿನ್ನೆ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ನಾಕು ಹನಿ ಬಿಟ್ಟು ನೋಡ್ದೆ. ನೀರಿದ್ರೆ ಅದೇ ಮೊದ್ಲು ಬರ್ಬೇಕು. ಜೇನುತುಪ್ಪದ ಬಣ್ಣದ ಆಯಿಲ್ ಬಂತು.

ಹಂಚಿನ ಪರೀಕ್ಷೆ ಮಾಡ್ಲಿಲ್ಲ.

ಲೇತ್_ಮಾಮ
ಮೀನು ಎಲ್ಲಿ?

ಕಣಿವೆ_ಹುಡ್ಗ
ಭಾನುವಾರ ತರ್ತೀನಿ ಮಾಮ. ಕಾಟ್ಲಾ ಆಗುತ್ತಾ?

ಲೇತ್_ಮಾಮ
ರೋಹು ಇದ್ರ ನೋಡು. ತಲಿ ಸಮೇತ ತಾ.